ಏಣಿಗೂ ಡೆಕ್ಕಿಗೂ ನಡುವೆ

ಪೈಲಟ್ ಅಂದ ಕೂಡಲೇ ಜನ ಕತ್ತೆತ್ತಿ ಆಕಾಶ ನೋಡುತ್ತಾರೆ. ಈ ಕತೆಯ ಹುಡುಗಿಯ ಅಪ್ಪನೂ ಪೈಲಟ್ಟೇ, ಆದರೆ ವಿಮಾನದ ಮೆಟ್ಟಿಲು ಹತ್ತುವವನಲ್ಲ, ಹಡಗಿನ ಹಗ್ಗದ ಏಣಿ ಹತ್ತುವವನು. ದೂರದಿಂದ ಬರುವ ಹಡಗಿನ ಕ್ಯಾಪ್ಟನ್ನಿಗೆ ಏಳು ಸಮುದ್ರ ಗೊತ್ತಿರಬಹುದು, ಈ ಬಂದರಿನ ಬಾಯಿ ಗೊತ್ತಿರುವುದಿಲ್ಲ. ಎಲ್ಲಿ ಮರಳದಿಬ್ಬ, ಎಲ್ಲಿ ಸೆಳೆತ, ಎಲ್ಲಿ ತಿರುಗಿಸಬೇಕು ಅನ್ನುವುದು ಇಲ್ಲಿಯವನಿಗೇ ಗೊತ್ತು. ಹಾಗಾಗಿ ಪೈಲಟ್ ಸಣ್ಣ ಬೋಟಿನಲ್ಲಿ ಹೊರಗೆ ಹೋಗಿ, ಹಡಗಿನ ಪಕ್ಕದಲ್ಲಿ ಇಳಿಬಿಟ್ಟ ಏಣಿ ಹಿಡಿದು ಹತ್ತಿ, ಹಡಗನ್ನು ಒಳಗೆ ಕರೆದುಕೊಂಡು ಬರಬೇಕು. ಹತ್ತುವಾಗ ಹಡಗು ನಿಲ್ಲುವುದಿಲ್ಲ, ಬೋಟೂ ನಿಲ್ಲುವುದಿಲ್ಲ, ಅಲೆಯಂತೂ ನಿಲ್ಲುವ ಜಾತಿಯೇ ಅಲ್ಲ. ಕೈ ಜಾರಿದರೆ ಕೆಳಗೆ ಬೋಟಿಗೂ ಹಡಗಿಗೂ ನಡುವಿನ ಇಕ್ಕಟ್ಟಾದ ನೀರು. ಅಲ್ಲಿಗೆ ಬಿದ್ದವರು ಕತೆ ಹೇಳಲು ವಾಪಸ್ ಬಂದದ್ದು ಕಡಿಮೆ.

ಮಗಳು ಹತ್ತಿದ್ದು ಕಾಲೇಜಿನ ಮೆಟ್ಟಿಲು. ಹಡಗು ಸಾಗಣೆ ಮತ್ತು ಬಂದರು ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ, ಕೊನೆಯ ವರ್ಷ. ಓದಿನ ಸಲುವಾಗಿ ಬಂದರಿನ ಕಂಟ್ರೋಲ್ ರೂಮಿಗೆ ಬಂದು ಕೂತವಳು ಬಾಯಿ ತೆರೆದರೆ ಸಾಕು, 'ನನ್ನ ಥೀಸಿಸ್‌ನಲ್ಲಿ' ಅಂತಲೇ ಶುರು. ಹಡಗುಗಳೊಂದಿಗೆ ರೇಡಿಯೋದಲ್ಲಿ ಮಾತಾಡುವ ಕೆಲಸದ ಹೆಂಗಸು, ಎಲ್ಲರ ಪಾಲಿಗೆ ರೇಡಿಯೋ ಅಕ್ಕ, ಕೆಲವು ದಿನ ಸಹಿಸಿಕೊಂಡಳು. ಆಮೇಲೆ ಒಂದು ದಿನ "ಏ ಥೀಸಿಸ್, ಆ ಕಿಟಕಿ ಹಾಕೇ" ಅಂದಳು. ಹೆಸರು ಅಂಟಿಯೇ ಬಿಟ್ಟಿತು. ಈಗ ಗೇಟಿನ ಕಾವಲುಗಾರನೂ "ಥೀಸಿಸ್ ಮೇಡಂ ಬಂದ್ರು" ಅನ್ನುತ್ತಾನೆ.

ಥೀಸಿಸ್ ಹೇಳುತ್ತಿದ್ದದ್ದು ಸಣ್ಣ ಮಾತೇನಲ್ಲ. ಈ ಬಂದರಿನ ಬಾಯಿಗೆ ಆಳ ಕಡಿಮೆ. ದೊಡ್ಡ ಹಡಗು ಹೋಗುವುದಾದರೂ ಬರುವುದಾದರೂ ಉಬ್ಬರದ ನೀರಿರುವಾಗಲೇ ಆಗಬೇಕು. ಪಾಳಿಗೆ ಇರುವವನು ಒಬ್ಬನೇ ಪೈಲಟ್. ಅವನು ಒಂದು ಹಡಗನ್ನು ಹೊರಗೆ ಬಿಟ್ಟು, ದಡಕ್ಕೆ ಬಂದು, ಕೊಂಚ ಸುಧಾರಿಸಿಕೊಂಡು ಮತ್ತೆ ಹೊರಡುವಷ್ಟರಲ್ಲಿ ನೀರು ಇಳಿದಿರುತ್ತದೆ. ಒಳಗೆ ಬರಬೇಕಾದ ಹಡಗು ಮುಂದಿನ ಉಬ್ಬರದವರೆಗೆ ಹೊರಗೇ ಲಂಗರು ಹಾಕಿಕೊಂಡು ಬಿದ್ದಿರಬೇಕು. ಇವಳ ಉಪಾಯ ಏನೆಂದರೆ, ಪೈಲಟ್ ದಡಕ್ಕೆ ಬರುವುದೇ ಬೇಡ. ಹೋಗುವ ಹಡಗಿನ ಏಣಿ ಇಳಿದು ಬೋಟಿಗೆ ಬರಲಿ, ಅದೇ ಬೋಟಿನಲ್ಲಿ ಹೋಗಿ ಬರುವ ಹಡಗಿನ ಏಣಿ ಹತ್ತಲಿ. ಒಂದೇ ಉಬ್ಬರದಲ್ಲಿ ಎರಡು ಹಡಗು. ಕಾಗದದ ಮೇಲೆ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿತ್ತು.

ಇವತ್ತು ಅದರ ಪರೀಕ್ಷೆ. ಬಂದರಿನ ಹಡಗು ಸಂಚಾರದ ಹೊಣೆ ಹೊತ್ತ ಹಾರ್ಬರ್ ಮಾಸ್ಟರ್ ಒಪ್ಪಿದ್ದರು, ಕಾಲೇಜಿನ ಪ್ರೊಫೆಸರು ಕೋಟು ಹಾಕಿಕೊಂಡು ಬರುವವರಿದ್ದರು. ಗೆದ್ದರೆ ಪದವಿ, ಜೊತೆಗೆ ಬಂದರಿನ ಯೋಜನಾ ವಿಭಾಗದಲ್ಲಿ ಕೆಲಸ. ಸೋತರೆ ಇನ್ನೊಂದು ವರ್ಷ, ಇನ್ನೊಂದು ವಿಷಯ, ಮೊದಲಿಂದ ಅ ಆ ಇ ಈ. ಪೈಲಟ್ ಯಾರು ಅನ್ನುವ ಪ್ರಶ್ನೆ ಬಂದಾಗ ಅಪ್ಪ ಕೈ ಎತ್ತಿಬಿಟ್ಟಿದ್ದ. "ನನ್ನ ಮಗಳ ಪ್ಲಾನು. ನಾನಿರೋವಾಗ ಬೇರೆಯವರ ಕೈಗೆ ಕೊಡ್ತೀನಾ?"

ಎತ್ತಿದ್ದು ಬಲಗೈ. ಅದನ್ನು ಆಗ ಯಾರು ಗಮನಿಸುತ್ತಾರೆ, ಹೇಳಿ.

ಬೆಳಿಗ್ಗೆ ಅವಳು ಚಪ್ಪಲಿ ಹುಡುಕುತ್ತಾ ಅಪ್ಪ ಅಮ್ಮನ ಕೋಣೆಗೆ ಇಣುಕಿದಾಗ, ಅಪ್ಪ ಕನ್ನಡಿ ಮುಂದಿನ ಕುರ್ಚಿಯಲ್ಲಿ ಕೂತಿದ್ದ, ಅಮ್ಮ ಹಿಂದೆ ನಿಂತು ಅವನ ತಲೆ ಬಾಚುತ್ತಿದ್ದಳು. ಶರ್ಟಿನ ಗುಂಡಿಯನ್ನೂ ಅವಳೇ ಹಾಕಿರಬೇಕು, ಕಾಲರಿನ ಹತ್ತಿರ ಒಂದು ತಪ್ಪಿತ್ತು.

"ಅಯ್ಯೋ, ಬಾಗಿಲಾದ್ರೂ ಹಾಕ್ಕೊಳ್ಳಿ! ಈ ವಯಸ್ಸಲ್ಲಿ ಏನ್ ಸರಸ ನಿಮ್ದು!" ಅಂದಳು ಮಗಳು.

ಅಪ್ಪ ನಕ್ಕ. ಅಮ್ಮ ನಗಲಿಲ್ಲ. "ನೀನು ಸುಮ್ನೆ ಹೋಗೇ" ಅಂದಳು. ಬಾಚಣಿಗೆಯನ್ನು ಮೇಜಿನ ಮೇಲೆ ಇಡುವಾಗ ಅದು ಸ್ವಲ್ಪ ಜೋರಾಗಿಯೇ ಸದ್ದು ಮಾಡಿತು.

ಬಾಗಿಲ ಹತ್ತಿರ ಅಪ್ಪ ಅವಳ ತಲೆ ಸವರಿ, "ಇನ್ನೊಂದು ವರ್ಷ ಅಷ್ಟೇ ಕಣೇ ನನ್ನ ಸರ್ವಿಸ್ಸು. ಕೊನೇ ಹಡಗಿನ ಏಣಿ ಇಳಿದು ನಡ್ಕೊಂಡು ಮನೆಗೆ ಬರ್ತೀನಿ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಭಾಗ್ಯ ಸಿಕ್ಕಿದೆ? ಎಲ್ರನ್ನೂ ಇನ್ನು ಕೈಲಾಗಲ್ಲ ಅಂತ ಡಾಕ್ಟರೇ ಮನೆಗೆ ಕಳಿಸಿದ್ದು" ಅಂದಿದ್ದ. ಸವರಿದ್ದೂ ಬಲಗೈಯೇ.

ಕಂಟ್ರೋಲ್ ರೂಮೆಂದರೆ ಹಡಗು ಕಟ್ಟುವ ಧಕ್ಕೆಯ ತುದಿಯ ಗೋಪುರದ ಮೇಲಿನ ಗಾಜಿನ ಕೋಣೆ. ಅಲೆತಡೆಯ ಕಲ್ಲುಗೋಡೆಯವರೆಗೆ ಕಣ್ಣಿಗೆ ಕಾಣುತ್ತದೆ. ಅದರಾಚೆ ಬಿಸಿಲಿಗೆ ಎಲ್ಲ ಬೆಳ್ಳಗೆ ಮಸುಕು. ಅಲ್ಲಿ ನಡೆಯುವುದನ್ನು ರೇಡಾರಿನ ಪರದೆಯ ಮೇಲೆ ಚುಕ್ಕೆಗಳಾಗಿ ನೋಡಬೇಕು, ರೇಡಿಯೋದಲ್ಲಿ ಕೇಳಬೇಕು.

ಆ ಕೋಣೆಯಲ್ಲಿ ಒಂದು ಪದ್ಧತಿಯಿದೆ. ಏಣಿಗೆ ಕೈ ಹಾಕುವ ಮೊದಲು ಪೈಲಟ್ ಎದೆಗೆ ಕಟ್ಟಿಕೊಂಡ ರೇಡಿಯೋದಲ್ಲಿ ಒಂದೇ ಮಾತು ಹೇಳುತ್ತಾನೆ: "ಏಣಿ." ಹಡಗಿನ ಮೇಲಟ್ಟ ತಲುಪಿದ ಮೇಲೆ "ಡೆಕ್ಕು." ಇಳಿಯುವಾಗಲೂ "ಏಣಿ", ಕೆಳಗೆ ಬಂದ ಮೇಲೆ "ಬೋಟು." ಏಣಿ ಅಂದ ಗಳಿಗೆಯಿಂದ ಇನ್ನೊಂದು ಮಾತು ಬರುವವರೆಗೆ ಆ ಚಾನೆಲ್ಲಿನಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಏಣಿಯ ಮೇಲಿರುವವನ ಎದೆಯಲ್ಲಿ ಹಠಾತ್ತನೆ ರೇಡಿಯೋ ಕೂಗಿದರೆ, ಗಮನ ತಪ್ಪಿದರೆ, ಮುಗಿಯಿತು. ಹಾಗಾಗಿ ಚಾನೆಲ್ಲು ಸುಮ್ಮನಾದಾಗ ಕೋಣೆಯೂ ಸುಮ್ಮನಾಗುತ್ತದೆ. ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಕೂರುತ್ತಾರೆ.

ಥೀಸಿಸ್ಸಿನ ಲೆಕ್ಕವೆಲ್ಲ ನಿಂತಿದ್ದದ್ದು ಈ ಮೌನದ ಮೇಲೆಯೇ. ಏಣಿ ಅಂದದ್ದಕ್ಕೂ ಡೆಕ್ಕು ಅಂದದ್ದಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದನ್ನು ಹಳೆಯ ಧ್ವನಿಮುದ್ರಣಗಳ ದಾಖಲೆಯಿಂದ ಪಡೆದು, ಸರಾಸರಿ ತೆಗೆದು, ಅದರಿಂದ ಎರಡು ಹಡಗಿನ ನಡುವಿನ ಅಂತರ ಕಟ್ಟಿದ್ದಳು. ಯಾರ ಹೆಸರೂ ಬೇಡ ಅಂತ ಕಾಲೇಜಿನ ನಿಯಮ. ಧ್ವನಿ ತೆಗೆದು ಬರೀ ಹೊತ್ತುಗಳನ್ನು ಅವಳಿಗೆ ಕೊಟ್ಟಿದ್ದರು. ಅದರಲ್ಲಿ ಕೆಲವು ಮಾತ್ರ ವಿಪರೀತ ನಿಧಾನವಾಗಿದ್ದವು, ಉಳಿದವುಗಳ ಜೊತೆ ಕೂರುತ್ತಲೇ ಇರಲಿಲ್ಲ. "ಇದ್ಯಾಕಕ್ಕಾ ಹೀಗೆ?" ಅಂತ ಕೇಳಿದ್ದಕ್ಕೆ ರೇಡಿಯೋ ಅಕ್ಕ ತಲೆ ಎತ್ತದೆ, "ಹಳೇ ರೇಡಿಯೋ ಕಣೇ, ಒಂದೊಂದ್ಸಲ ತಡವಾಗಿ ಕೇಳ್ಸತ್ತೆ" ಅಂದಿದ್ದಳು. ಸರಿ, ರೇಡಿಯೋ ದೋಷ ಅಂತ ಬರೆದು ಅವನ್ನೆಲ್ಲ ತೆಗೆದುಹಾಕಿದ್ದಳು. ಲೆಕ್ಕ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಪ್ರೊಫೆಸರು ಅದನ್ನೇ ಮೆಚ್ಚಿಕೊಂಡಿದ್ದರು.

ಮೊದಲ ಹಡಗು ಅಲೆತಡೆ ದಾಟಿ ಹೊರಗೆ ಹೋಯಿತು. ಪರದೆಯ ಮೇಲೆ ಬೋಟಿನ ಸಣ್ಣ ಚುಕ್ಕೆ ಹಡಗಿನ ದೊಡ್ಡ ಚುಕ್ಕೆಗೆ ಹೋಗಿ ಅಂಟಿಕೊಂಡಿತು.

"ಏಣಿ," ಅಂದ ಅಪ್ಪ. ದನಿ ಆರಾಮಾಗಿತ್ತು.

ಕೋಣೆ ಸುಮ್ಮನಾಯಿತು. ಪ್ರೊಫೆಸರು ಏನೋ ಕೇಳಲು ಬಾಯಿ ತೆರೆದರು. ಹಾರ್ಬರ್ ಮಾಸ್ಟರ್ ಬೆರಳೆತ್ತಿ ತಡೆದರು. ಥೀಸಿಸ್ ಮನಸ್ಸಿನಲ್ಲೇ ತನ್ನ ಸರಾಸರಿಯನ್ನು ಹಿಡಿದು ಕಾದಳು. ಇಳಿಯುವುದು ಹತ್ತುವುದಕ್ಕಿಂತ ಸುಲಭ, ಈಗ ಬರಬೇಕು. ಬರಲಿಲ್ಲ. ಈಗ. ಇಲ್ಲ. ಅವಳು ರೇಡಿಯೋ ಅಕ್ಕನ ಮುಖ ನೋಡಿದಳು. ಆಕೆ ಪರದೆ ಬಿಟ್ಟು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

"ಬೋಟು."

ಅಪ್ಪನ ದನಿಯೇ. ಆದರೆ ಆ ಒಂದು ಮಾತಿನ ಹಿಂದೆ ಏದುಸಿರಿತ್ತು.

ಎಲ್ಲರೂ ಮಾತಿಗೆ ತೊಡಗಿದರು. ಪ್ರೊಫೆಸರು "ಭೇಷ್" ಅಂದರು. ಥೀಸಿಸ್ ಮಾತ್ರ ಕುರ್ಚಿ ಎಳೆದುಕೊಂಡು ರೇಡಿಯೋ ಅಕ್ಕನ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದಳು. "ಅಕ್ಕಾ, ರೇಡಿಯೋ ತಡ ಆಯ್ತಾ?"

ಅಕ್ಕ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದಳು.

"ಹೊಸ ರೇಡಿಯೋ ಬಂದು ತಿಂಗಳಾಯ್ತಲ್ಲ. ಅಕ್ಕಾ, ನನ್ನ ಮುಖ ನೋಡು. ಆ ನಿಧಾನದವೆಲ್ಲ ಯಾರದು?"

"ನಿಮ್ಮಪ್ಪಂದು," ಅಂದಳು ಅಕ್ಕ. ಅವಳ ಕಣ್ಣು ತುಂಬಿಕೊಂಡಿತ್ತು. "ಎಲ್ಲಾ ಅವರದೇ. ಎಡಗೈ ಭುಜದಿಂದ ಮೇಲಕ್ಕೆ ಹೋಗಲ್ಲ ಕಣೇ. ಒಂದು ಕೈಯಲ್ಲೇ ಹತ್ತುತ್ತಾರೆ. ನಮಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲ್ಲ. ದೇವರಂಥ ಮನುಷ್ಯ, ಇನ್ನೊಂದು ವರ್ಷ, ಮಾನವಾಗಿ ಹೋಗ್ಲಿ ಅಂತ. ಮಗಳೇ ಬಂದು ಕೇಳಿದ್ರೆ ಹೇಗೆ ಹೇಳ್ಲಿ ನಾನು? ರೇಡಿಯೋ ಅಂದೆ. ನೀನು ಅದನ್ನೇ ಗಟ್ಟಿ ಮಾಡ್ಕೊಂಡು ಇಷ್ಟೆಲ್ಲ ಕಟ್ತೀಯಾ ಅಂತ ಯಾರಿಗೆ ಗೊತ್ತಿತ್ತು?"

ಬಾಚಣಿಗೆ, ತಪ್ಪಿದ ಗುಂಡಿ, ನಗದ ಅಮ್ಮ, ಎಲ್ಲ ಒಟ್ಟಿಗೆ ಬಂದು ಮಗಳ ಎದೆಯ ಮೇಲೆ ಕೂತವು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿದ್ದಿತ್ತಂತೆ. ಬಂದರಿಗೆಲ್ಲ ಬುದ್ಧಿ ಹೇಳಲು ಹೊರಟವಳಿಗೆ ಮನೆಯಲ್ಲಿ ಎದುರಿಗೇ ಕೂತವನ ಕೈ ಕಾಣಲಿಲ್ಲ! ಮೊದಲೆಲ್ಲ ಒಂದು ಏಣಿಗೂ ಇನ್ನೊಂದು ಏಣಿಗೂ ನಡುವೆ ಆ ಕೈಗೆ ದಡದ ವಿಶ್ರಾಂತಿಯಾದರೂ ಸಿಗುತ್ತಿತ್ತು. ಅದನ್ನು ಕಿತ್ತುಹಾಕಿದ್ದು ಅವಳೇ. ಈಗ ಅಪ್ಪ ಸುಸ್ತಾದ ಕೈಯಲ್ಲೇ ಎರಡನೇ ಏಣಿಯ ಕಡೆಗೆ ಹೋಗುತ್ತಿದ್ದ. ಅದು ಖಾಲಿ ಹಡಗು, ನೀರಿನಿಂದ ಎತ್ತರಕ್ಕೆ ಎದ್ದು ನಿಂತದ್ದು. ಏಣಿಯೂ ಅಷ್ಟೇ ಉದ್ದ. ಪರದೆಯ ಮೇಲೆ ಸಣ್ಣ ಚುಕ್ಕೆ ನೆಟ್ಟಗೆ ಅದರ ಕಡೆಗೇ ಸಾಗುತ್ತಿತ್ತು.

"ಸರ್, ನಿಲ್ಲಿಸಿ," ಅಂದಳು ಎದ್ದು ನಿಂತು. "ಎರಡನೇ ಹಡಗು ಬೇಡ. ಬೋಟನ್ನ ವಾಪಸ್ ಕರೀರಿ."

ಹಾರ್ಬರ್ ಮಾಸ್ಟರ್ ಹುಬ್ಬೇರಿಸಿದರು. "ಯಾಕಮ್ಮಾ? ಗಾಳಿ ಸರಿಯಾಗಿದೆ, ಅಲೆ ಸರಿಯಾಗಿದೆ. ಆ ಹಡಗು ಆಗಲೇ ಬಾಯಿಗೆ ಬಂದಾಗಿದೆ. ಕಾರಣ ಇಲ್ದೆ ತಿರುಗಿಸಿದ್ರೆ ನಾಳೆ ನಾನು ಉತ್ತರ ಕೊಡ್ಬೇಕು. ಏನು ಅಂತ ಹೇಳು."

ರೇಡಿಯೋ ಅಕ್ಕ ಮೇಜಿನ ಕೆಳಗಿಂದ ಅವಳ ದುಪಟ್ಟಾ ಹಿಡಿದು ಜಗ್ಗುತ್ತಿದ್ದಳು. ಅಪ್ಪನ ಕೈ ಅಂದರೆ ಮುಗಿಯಿತು. ಇವತ್ತೇ ತಪಾಸಣೆ, ನಾಳೆ ಲೈಸೆನ್ಸ್ ರದ್ದು, ಡಾಕ್ಟರು ಮನೆಗೆ ಕಳಿಸಿದವರ ಸಾಲಿಗೆ ಅವನೂ ಒಬ್ಬ. ಹೇಳಿದವಳು ಯಾರು? ಸ್ವಂತ ಮಗಳು. ಹೇಳದಿದ್ದರೆ ಆ ಏಣಿ. ಅತ್ತ ದರಿ, ಇತ್ತ ಪುಲಿ.

"ನನ್ನ ಲೆಕ್ಕ ತಪ್ಪು ಸರ್," ಅಂದಳು.

"ಏನು ತಪ್ಪು?" ಈಗ ಪ್ರೊಫೆಸರ ಸರದಿ.

"ನಿಧಾನ ಆದ ಹೊತ್ತುಗಳನ್ನ ತೆಗೆದುಹಾಕಿದ್ದೆ ಸರ್. ಅವು ನಿಜವಾದವು. ಅದನ್ನ ಸೇರಿಸಿದ್ರೆ ಈ ಅಂತರ ಸಾಲಲ್ಲ. ಪ್ಲಾನೇ ನಿಲ್ಲಲ್ಲ."

ಪ್ರೊಫೆಸರು ಕನ್ನಡಕ ತೆಗೆದರು. "ಯೋಚಿಸಿ ಮಾತಾಡು. ಪರೀಕ್ಷೆ ನಡೀತಾ ಇರೋವಾಗ ಮೂಲ ಲೆಕ್ಕವೇ ತಪ್ಪು ಅಂತ ನೀನೇ ಹೇಳಿದ್ರೆ ನಾನು ಪಾಸು ಮಾಡೋ ಹಾಗಿಲ್ಲ. ಈ ಮಾತು ವಾಪಸ್ ತಗೊಳ್ಳೋಕೂ ಆಗಲ್ಲ."

"ಗೊತ್ತು ಸರ್. ತಪ್ಪು ನಂದೇ. ದಯವಿಟ್ಟು ಬೋಟನ್ನ ಕರೀರಿ. ಬೇಗ."

ಹಾರ್ಬರ್ ಮಾಸ್ಟರ್ ಅವಳನ್ನೇ ನೋಡಿದರು. ಆಮೇಲೆ ರೇಡಿಯೋ ಅಕ್ಕನನ್ನು ನೋಡಿದರು. ಅವರೂ ಒಂದು ಕಾಲಕ್ಕೆ ಏಣಿ ಹತ್ತಿದವರೇ, ಏನು ಅರ್ಥವಾಯಿತೋ ಏನೋ. "ಕರಿ," ಅಂದರು.

ಅಕ್ಕನ ಬೆರಳು ಗುಂಡಿಯ ಮೇಲೆ ಬಂತು. ಒತ್ತುವ ಮೊದಲೇ ಸ್ಪೀಕರು ಕರಕರ ಅಂದಿತು.

"ಏಣಿ."

ಅಕ್ಕ ಬೆಂಕಿ ತಾಗಿದವಳಂತೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಇನ್ನು ಕರೆಯುವ ಹಾಗಿಲ್ಲ. ಹೇಳಬೇಕಾದ ಮಾತು ಕೈಯಲ್ಲಿದೆ, ಹೇಳಿದರೆ ಅದೇ ಅವನನ್ನು ಕೆಡವುತ್ತದೆ. ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಎಲ್ಲಿ 'ಅಪ್ಪಾ' ಅಂತ ಕೂಗಿಬಿಡುತ್ತೇನೋ ಅನ್ನುವ ಭಯದಿಂದ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಪ್ರೊಫೆಸರ ಕೈಯ ಲೋಟದಲ್ಲಿ ಚಹಾ ಆರುತ್ತಿತ್ತು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರದೆ ನೋಡಿದಳು. ಎರಡು ಚುಕ್ಕೆ ಅಂಟಿಕೊಂಡು ಒಂದಾಗಿದ್ದವು. ಈಗ ಬಲಗೈ ಹಿಡಿದಿರುತ್ತಾನೆ. ಈಗ ಆ ಕೈ ಬಿಟ್ಟು ಮೇಲಿನ ಮೆಟ್ಟಿಲು ಹಿಡಿಯಬೇಕು. ಬಿಟ್ಟ ಗಳಿಗೆಯಲ್ಲಿ ಮೈಭಾರವೆಲ್ಲ ಯಾವ ಕೈ ಹೊರುತ್ತದೆ? ಅವಳ ಎಡಭುಜವೇ ನೋಯತೊಡಗಿತು.

ಸರಾಸರಿ ಮುಗಿಯಿತು. ತೆಗೆದುಹಾಕಿದ ನಿಧಾನದ ಹೊತ್ತುಗಳಲ್ಲಿ ಅತಿ ದೊಡ್ಡದು ಅವಳಿಗೆ ನೆನಪಿತ್ತು, ಅದೂ ಮುಗಿಯಿತು. ರೇಡಿಯೋ ಅಕ್ಕ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಪ್ರಾರ್ಥಿಸುತ್ತಿದ್ದಳು. ಹಾರ್ಬರ್ ಮಾಸ್ಟರ್ ತುರ್ತು ಬೋಟಿನ ಫೋನಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

ಆಗ ಪರದೆಯ ಮೇಲಿನ ಚುಕ್ಕೆ ಎರಡಾಯಿತು.

ಬೋಟು ಹಡಗನ್ನು ಬಿಟ್ಟು ಸರಿಯುತ್ತಿತ್ತು. ಪೈಲಟ್ ಮೇಲೆ ತಲುಪಿ ಡೆಕ್ಕು ಅಂದ ಮೇಲಷ್ಟೇ ಬೋಟು ಸರಿಯುವುದು, ಅದೇ ಕ್ರಮ. ಡೆಕ್ಕು ಅಂದದ್ದು ಯಾರಿಗೂ ಕೇಳಲಿಲ್ಲ. ಹಾಗಿದ್ದರೆ ಬೋಟು ಸರಿದದ್ದು ಯಾಕೆ? ನೀರಿಗೆ ಬಿದ್ದವನನ್ನು ಜಜ್ಜದೆ ಇರಲೆಂದು ಬೋಟನ್ನು ಪಕ್ಕಕ್ಕೆ ಎಳೆಯುತ್ತಾರೆ, ಅದೂ ಅವಳು ಪುಸ್ತಕದಲ್ಲಿ ಓದಿದ್ದೇ. ಮೇಜಿನ ಅಂಚು ಹಿಡಿದುಕೊಂಡಳು. ಹಾರ್ಬರ್ ಮಾಸ್ಟರ್ ಫೋನು ಎತ್ತಿದರು.

"ಬೋಟು."

ಯಾರಿಗೂ ಮೊದಲು ಅರ್ಥವೇ ಆಗಲಿಲ್ಲ. ಹತ್ತಲು ಹೋದವನು ಬೋಟು ಅನ್ನುವುದುಂಟೇ? ಆ ಕೋಣೆಯಲ್ಲಿ ಯಾರೂ ಕೇಳಿದ ಮಾತಲ್ಲ ಅದು. ಅಪ್ಪನಂತೂ ಜೀವಮಾನದಲ್ಲಿ ಅಂದವನಲ್ಲ.

ಸ್ಪೀಕರಿನಲ್ಲಿ ಉಸಿರು ಕೇಳಿಸಿತು. ಆಮೇಲೆ ಅಪ್ಪ ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ ಹೇಳಿದ. "ಕಂಟ್ರೋಲ್. ಹಡಗನ್ನ ಹೊರಗೇ ನಿಲ್ಲಿಸಿ. ಮುಂದಿನ ಉಬ್ಬರಕ್ಕೆ ಬೇರೆ ಪೈಲಟ್ ಕಳಿಸಿ. ನನ್ನ ಎಡಗೈ ಮೇಲೇಳಲ್ಲ. ಬಹಳ ದಿನದಿಂದ ಏಳಲ್ಲ. ದಾಖಲೆ ಮಾಡ್ಕೊಳ್ಳಿ."

ಬಂದರಿನ ಅಷ್ಟೂ ಬೋಟುಗಳು, ಹಡಗು ಎಳೆಯುವ ಟಗ್ಗುಗಳು, ಹಡಗುಗಳು ಕೇಳುವ ಚಾನೆಲ್ಲು ಅದು. ರೇಡಿಯೋ ಅಕ್ಕ "ಆಗಲಿ" ಅಂದಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಮಗಳು ಗೋಪುರದ ಮೆಟ್ಟಿಲನ್ನು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಬೋಟು ಧಕ್ಕೆಗೆ ಬಂದಾಗ ಅಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಎಡಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಅವಳನ್ನು ಕಂಡು ನಗಲು ನೋಡಿದ, ಆಗಲಿಲ್ಲ.

"ಕೆಡಿಸಿಬಿಟ್ಟೆ ಕಣೇ ನಿನ್ನ ಪ್ಲಾನನ್ನ," ಅಂದ, ಧಕ್ಕೆಗೆ ಹತ್ತಿ ಬಂದು.

"ಪ್ಲಾನು ಹಾಳಾಗಿ ಹೋಗ್ಲಿ! ಯಾಕಪ್ಪಾ ಹೇಳ್ಲಿಲ್ಲ? ನನ್ನ ಹತ್ರಾನೂ ಹೇಳ್ಬಾರ್ದಾ?" ಅಂತ ಕೂಗಿದಳು. ಸಿಟ್ಟೋ ಅಳುವೋ, ಎರಡೂ ಒಟ್ಟಿಗೆ ಬಂದಿದ್ದವು.

ಅಪ್ಪ ಲೈಫ್ ಜಾಕೆಟ್ಟಿನ ಕೊಂಡಿಯನ್ನು ಒಂದು ಕೈಯಲ್ಲಿ ತಡಕಾಡಿದ. ಅವಳೇ ಬಿಚ್ಚಿದಳು. ಬೇಡ ಅನ್ನಲಿಲ್ಲ.

"ನಿನ್ನ ಥೀಸಿಸ್ ಓದಿದ್ದೆ," ಅಂದ. "ಪೂರ್ತಿ ಓದಿದೆ. ನಿಧಾನ ಆದದ್ದೆಲ್ಲ ರೇಡಿಯೋ ದೋಷ ಅಂತ ನೀನು ಬರೆದಿದ್ದೆ ನೋಡು, ಅದನ್ನ ಓದಿ ಎಷ್ಟು ಸಮಾಧಾನ ಆಯ್ತು ಗೊತ್ತಾ? ಅವೆಲ್ಲ ನಂದೇ ಅಂತ ಗೊತ್ತಿತ್ತು. ಆದ್ರೂ ನನ್ನ ಮಗಳು, ಅಷ್ಟು ಓದಿದೋಳು, ಕೈಯಲ್ಲ ರೇಡಿಯೋ ಅಂದಿದ್ದಾಳಲ್ಲ, ಹಾಗೇ ಇದ್ಬಿಡ್ಲಿ ಅನ್ನಿಸ್ತು. ಅದನ್ನೇ ನಂಬ್ಕೊಂಡು ಬಂದೆ ಇವತ್ತು."

"ಮತ್ತೆ ಯಾಕೆ ಇಳಿದೆ?" ಅಂದಳು ಅವಳು.

"ಅರ್ಧಕ್ಕೆ ಹೋದೆ. ಬಲಗೈ ಬಿಡೋಕೆ ಧೈರ್ಯ ಬರ್ಲಿಲ್ಲ. ಬಿದ್ರೆ ಬೀಳ್ತೀನಿ, ನಂದೇನು, ಆಯಸ್ಸು ಆಯ್ತು ಅಂದ್ಕೊಂಡೆ. ಆಮೇಲೆ ನೀನು ಮೇಲೆ ಕೂತು ಕೇಳ್ತಾ ಇದೀಯಾ ಅಂತ ನೆನಪಾಯ್ತು. ನಾನು ಬಿದ್ರೆ, ಅಪ್ಪನ್ನ ನನ್ನ ಲೆಕ್ಕ ಕೊಂದಿತು ಅಂತ ನೀನು ಸಾಯೋವರೆಗೂ ಹೊತ್ಕೊಂಡು ತಿರುಗ್ತೀಯಾ. ಅದನ್ನ ನಿನ್ನ ತಲೆ ಮೇಲೆ ಇಡೋಕೆ ನಂಗಾಗ್ಲಿಲ್ಲ. ಇಳಿದೆ."

ಅವಳು ಅವನ ಎದೆಗೆ ತಲೆಯಿಟ್ಟು ಜೋರಾಗಿ ಅತ್ತಳು. ಬೋಟಿನವರು ಹಗ್ಗ ಕಟ್ಟುವ ನೆವದಲ್ಲಿ ಆ ಕಡೆ ತಿರುಗಿಕೊಂಡರು. ಮೇಲೆ ಗಾಜಿನ ಹಿಂದೆ ಮೂವರು ನಿಂತಿರುವುದು ಕಾಣುತ್ತಿತ್ತು.

"ಸಾಕು, ಸಾಕು. ಬೀಸೋ ದೊಣ್ಣೆ ತಪ್ಪಿತಲ್ಲ, ಇನ್ನು ಸಾವಿರ ವರ್ಷ ಆಯಸ್ಸು," ಅಂದ ಅಪ್ಪ. "ಇವತ್ತಿಂದು ಎಷ್ಟು ಹೊತ್ತಾಯ್ತು, ಏಣಿಯಿಂದ ಬೋಟಿಗೆ? ಬರ್ಕೊಂಡ್ಯಾ?"

"ಇಲ್ಲ."

"ರೆಕಾರ್ಡಿಂಗ್ ಇರತ್ತೆ, ಕೇಳಿ ಬರ್ಕೋ. ಹೊಸ ಲೆಕ್ಕ ಮಾಡ್ತೀಯಲ್ಲ, ಇದನ್ನ ತೆಗೆದುಹಾಕ್ಬೇಡ."

ಅವಳು ಹೂಂ ಅಂದಳು. ಮೂಗು ಒರೆಸಿಕೊಂಡು ನೋಡಿದರೆ, ಬೆಳಿಗ್ಗೆ ಅಮ್ಮ ಬಾಚಿದ ಕೂದಲು ಗಾಳಿಗೆ ಕೆದರಿ ನಿಂತಿತ್ತು. ಅವನಿನ್ನು ಗೋಪುರ ಹತ್ತಿ ಹಾರ್ಬರ್ ಮಾಸ್ಟರ್ ಮುಂದೆ ನಿಲ್ಲಬೇಕು. ಅವಳು ಚೀಲ ತಡಕಿ ಬಾಚಣಿಗೆ ತೆಗೆದಳು. ಅಪ್ಪ ಅದನ್ನು ನೋಡಿದ, ಸುತ್ತ ಇದ್ದ ಜನರನ್ನೂ ನೋಡಿದ. ಆಮೇಲೆ ಅವಳ ಕೈಗೆ ಎಟುಕಲಿ ಅಂತ ತಲೆ ಬಗ್ಗಿಸಿ ನಿಂತ.